ಖುಲಾಸೆಯಾದ ಮೇಲೆ

ನಾನು ಆರೋಪಿಗಳ ಪರ ವಾದಿಸುವ ವಕೀಲ. ಅವರು ಸರ್ಕಾರದ ಪರ ವಾದಿಸುವ ಅಭಿಯೋಜಕರು. ಕೋರ್ಟಿನ ಒಂದೇ ಉದ್ದ ಮೇಜಿನ ಎರಡು ತುದಿಗಳಲ್ಲಿ ನಾವು ಕೆಲವು ವರ್ಷ ಕೂತೆವು. ಆ ಅವಧಿಯಲ್ಲಿ ಅವರು ಗೆದ್ದ ಮೊಕದ್ದಮೆಗಳಿಗಿಂತ ಸೋತವೇ ಹೆಚ್ಚು. ಸೋಲಿಸಿದವರಲ್ಲಿ ನಾನೂ ಒಬ್ಬ. ಈಚೆಗೆ ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರು ಸೋತ ಒಂದು ಮೊಕದ್ದಮೆ, ಮತ್ತು ಸೋತ ಮೇಲೆ ಅವರು ಮಾಡಿದ ಒಂದು ಕೆಲಸ.

ತೀರ್ಥಹಳ್ಳಿ ಕಡೆಯವರು. ಮದುವೆಯಾಗಿರಲಿಲ್ಲ. ನಮ್ಮ ಊರಿನ ಕೋರ್ಟಿಗೆ ವರ್ಗವಾಗಿ ಬಂದಾಗ ಐವತ್ತು ದಾಟಿತ್ತು. ನರಸಿಂಹರಾಜಪುರದ ಹುದ್ದೆ ಖಾಲಿ, ಶೃಂಗೇರಿಯದೂ ಖಾಲಿ. ಹಾಗಾಗಿ ಮೂರೂ ಕಡೆಯ ಕೆಲಸ ಇವರ ತಲೆಗೇ ಕಟ್ಟಿದ್ದರು. ವಾರವಿಡೀ ಬಸ್ಸಿನಲ್ಲಿ ಓಡಾಟ. ನನಗೂ ಮೂರು ಕಡೆ ಕಕ್ಷಿದಾರರಿದ್ದುದರಿಂದ ಎಷ್ಟೋ ಸಲ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಬೆಳಿಗ್ಗೆ ಪಕ್ಕಪಕ್ಕದಲ್ಲಿ ಕೂತು ಅವಲಕ್ಕಿ ಹಂಚಿಕೊಂಡು ತಿಂದು, ಹನ್ನೊಂದು ಗಂಟೆಗೆ ಎದುರುಬದುರಾಗಿ ನಿಂತು ಜಗಳವಾಡುವುದು ನಮಗೆ ವಿಚಿತ್ರ ಅನಿಸುತ್ತಿರಲಿಲ್ಲ. ನನ್ನ ಕಕ್ಷಿದಾರರಿಗೆ ಅನಿಸುತ್ತಿತ್ತು.

ಪೊಲೀಸರ ದೋಷಾರೋಪಣ ಪಟ್ಟಿ ಕೈಗೆ ಬಂದರೆ ಅವರು ಮೊದಲು ಹುಡುಕುತ್ತಿದ್ದುದು ಅಪರಾಧದ ಕಾರಣವನ್ನು. ಅಲ್ಲಿ ಸಾಧಾರಣವಾಗಿ ಇರುತ್ತಿದ್ದುದು 'ಹಳೆಯ ದ್ವೇಷದಿಂದ' ಅಥವಾ 'ಕುಡಿದ ಅಮಲಿನಲ್ಲಿ' ಎಂಬ ಮಾತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಇವ್ರಿಗೆ ಎರಡೇ ಕಾರಣ ಗೊತ್ತು ಮಾರಾಯ್ರೆ. ಮೂರನೇದು ಇದ್ರೆ ಬರೆಯೋಕೆ ಜಾಗ ಇಲ್ಲ ಅಂತಾರೋ ಏನೋ" ಎನ್ನುತ್ತಿದ್ದರು. ಕಾನೂನಿಗೆ ಬೇಕಾದದ್ದು ಯಾರು, ಏನು, ಎಲ್ಲಿ ಎಂಬ ಸಂಗತಿಗಳು. ಯಾಕೆ ಎನ್ನುವುದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಶಿಕ್ಷೆ ಕೊಡಬಹುದು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಮೊಕದ್ದಮೆ ಮುಗಿದ ಮೇಲೆ, ಗೆದ್ದರೂ ಸೋತರೂ, ಆರೋಪಿ ವರಾಂಡದಲ್ಲಿ ಒಬ್ಬನೇ ಸಿಕ್ಕರೆ ಪಕ್ಕದ ಬೆಂಚಿನಲ್ಲಿ ಕೂತು, ಮನೆಯ ಸಮಾಚಾರ ಕೇಳಿದ ಹಾಗೆ ಕೇಳುತ್ತಿದ್ದರು: "ಅದು ಇರ್ಲಿ, ಅದಕ್ಕೆ ಮೊದ್ಲು ಎಂತ ಆಗಿತ್ತು?"

ಮೇಗುಂದದ ಕಡೆ ಇಬ್ಬರು ದಾಯಾದಿಗಳು ಬೇಲಿಯ ವಿಷಯಕ್ಕೆ ಹೊಡೆದಾಡಿಕೊಂಡು ಒಬ್ಬನ ಕೈ ಮುರಿದಿತ್ತು. ಸರ್ವೇಯರ್ ಬಂದು ಅಳೆದು ನೋಡಿದರೆ ಬೇಲಿ ಸರಿಯಾದ ಜಾಗದಲ್ಲೇ ಇತ್ತು. ಇವರು ಬೆಂಚಿನಲ್ಲಿ ಕೂತು ಕೇಳಿ ತಿಳಿದದ್ದು, ಹೊಡೆದವನ ಮಗಳ ಮದುವೆಗೆ ಇನ್ನೊಬ್ಬ ಬಂದವನು ಊಟ ಮಾಡದೆ ಎದ್ದು ಹೋಗಿದ್ದ ಎಂಬುದನ್ನು. ಶೃಂಗೇರಿಯಲ್ಲಿ ಬೈಕ್ ಕದ್ದ ಒಬ್ಬ ಕಾಲೇಜು ಹುಡುಗ ಅದನ್ನು ಜಯಪುರದವರೆಗೆ ಓಡಿಸಿ, ಬಸ್ ಸ್ಟ್ಯಾಂಡಿನ ಹತ್ತಿರ ನೀಟಾಗಿ ನಿಲ್ಲಿಸಿ, ಟಿಕೆಟ್ ತೆಗೆದುಕೊಂಡು ಬಸ್ಸಿನಲ್ಲಿ ವಾಪಸು ಹೋಗಿದ್ದ. ಈಗಿನ ಹುಡುಗಿಯರು ಬೈಕ್ ಇದ್ದವರನ್ನು ಮಾತ್ರ ನೋಡುತ್ತಾರೆಂದು ಅವನಿಗೆ ಯಾರೋ ಹೇಳಿದ್ದರು. "ನೋಡಿದ್ಲೇನೋ?" ಎಂದು ಇವರು ಕೇಳಿದರೆ, "ಇಲ್ಲ ಮೇಡಂ, ಅವ್ಳು ಅವತ್ತು ಕಾಲೇಜಿಗೇ ಬಂದಿರ್ಲಿಲ್ಲ" ಎಂದನಂತೆ. ಇದನ್ನು ಬಸ್ಸಿನಲ್ಲಿ ನನಗೆ ಹೇಳುವಾಗ ಅವರು ನಗಲಿಲ್ಲ.

ಶೃಂಗೇರಿಯ ಕಾಲೇಜೊಂದರಲ್ಲಿ ಆಧುನಿಕ ಸಮಾಜ ಮತ್ತು ಅಪರಾಧ ಎಂಬ ವಿಷಯದ ಮೇಲೆ ಭಾಷಣಕ್ಕೆ ಅವರನ್ನು ಕರೆದಿದ್ದರು. ನನ್ನನ್ನೂ ಕರೆದಿದ್ದರು. ನಾನು ಬಡತನ, ನಿರುದ್ಯೋಗ, ಸಿನಿಮಾ, ಟಿವಿ, ಒಡೆದ ಕುಟುಂಬ ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಅವರು ಎದ್ದು ನಿಂತು, "ನನ್ನ ಹತ್ರ ಬರೋ ಆರೋಪಿಗಳಲ್ಲಿ ಬಡವರೇ ಜಾಸ್ತಿ. ಬಡವರು ಜಾಸ್ತಿ ತಪ್ಪು ಮಾಡ್ತಾರೋ, ಜಾಸ್ತಿ ಸಿಕ್ಕಿಬೀಳ್ತಾರೋ ನನಗೆ ಗೊತ್ತಿಲ್ಲ. ಸಿಕ್ಕಿಬೀಳದವ್ರು ನನ್ನ ಹತ್ರ ಬರೋದಿಲ್ಲ, ಹಾಗಾಗಿ ಅವ್ರ ವಿಷಯ ನಾನು ಹೇಳೋಕಾಗಲ್ಲ" ಎಂದರು. ಒಬ್ಬ ವಿದ್ಯಾರ್ಥಿನಿ ಎದ್ದು, "ಹಾಗಾದ್ರೆ ಅಪರಾಧಕ್ಕೆ ಮುಖ್ಯ ಕಾರಣ ಏನು ಮೇಡಂ?" ಎಂದು ಕೇಳಿದಳು. "ಗೊತ್ತಿಲ್ಲ ಕಣಮ್ಮ. ಒಬ್ಬೊಬ್ಬರನ್ನೇ ಕೇಳ್ತಾ ಇದೀನಿ" ಎಂದು ಹೇಳಿ ಕೂತುಬಿಟ್ಟರು. ಸಂಘಟಕರಿಗೆ ಬೇಸರವಾಯಿತು. ಪ್ರಶ್ನೆ ಪತ್ರಿಕೆಯಲ್ಲಿ ಈ ಪ್ರಶ್ನೆ ಬರುವುದಿತ್ತು.

ಇನ್ನು ಆ ಮೊಕದ್ದಮೆ. ನಮ್ಮ ಸೀಮೆಯ ಒಂದು ಪೇಟೆ. ಹೆಸರು ಬೇಡ. ಮೊಬೈಲ್ ಫೋನು ಆಗಷ್ಟೇ ಅಂಗಡಿಯವರ ಕೈಗೆ ಬಂದಿದ್ದ ಕಾಲ. ಮಕ್ಕಳ ಕಳ್ಳರು ಬಂದಿದ್ದಾರೆ, ವ್ಯಾಪಾರದ ನೆಪದಲ್ಲಿ ತಿರುಗುತ್ತಾರೆ ಎಂಬ ಒಂದು ಮೆಸೇಜು ಒಬ್ಬರಿಂದೊಬ್ಬರಿಗೆ ಹರಿದಾಡಿತ್ತು. ಎಲ್ಲಿಯೂ ಯಾವ ಮಗುವೂ ಕಾಣೆಯಾಗಿರಲಿಲ್ಲ. ಮಳೆಗಾಲಕ್ಕೆ ಮುಂಚಿನ ಒಂದು ಸಂತೆಯ ದಿನ ಬಯಲುಸೀಮೆಯಿಂದ ಬಂದ ಕಂಬಳಿ ವ್ಯಾಪಾರಿಯೊಬ್ಬ, ತಾಯಿಯ ಕೈ ತಪ್ಪಿ ಅಳುತ್ತಿದ್ದ ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅಷ್ಟು ಎತ್ತರದಿಂದ ಮಗುವಿಗೆ ತಾಯಿ ಕಾಣಲಿ ಎಂಬುದು ಅವನ ಉದ್ದೇಶ. ಮಗುವಿಗೆ ತಾಯಿ ಕಂಡಳು. ತಾಯಿಗೆ ತನ್ನ ಮಗುವನ್ನು ಹೊತ್ತ ಅಪರಿಚಿತ ಕಂಡ. ಅವಳು ಕಿರುಚಿದಳು. ಆಮೇಲೆ ಸಂತೆಗೆ ಸಂತೆಯೇ ಅವನ ಮೇಲೆ ಬಿತ್ತು. ಅವನು ಬದುಕಿದ. ಎಡಗಣ್ಣು ಹೋಯಿತು.

ಪೊಲೀಸರು ಆ ಜನಜಂಗುಳಿಯಿಂದ ಮೂವರನ್ನು ಆರಿಸಿ ಆರೋಪಿಗಳೆಂದು ಹೆಸರಿಸಿದರು. ಒಬ್ಬ ಹೋಟೆಲ್ ಮಾಲೀಕ, ಒಬ್ಬರು ಗೊಬ್ಬರದ ಅಂಗಡಿಯವರು, ಇನ್ನೊಬ್ಬ ಬಾಡಿಗೆ ಜೀಪಿನ ಡ್ರೈವರ್. ಮೂವರ ಪರವೂ ನಾನೇ. ಮೂವರ ಮೇಲೂ ಅದಕ್ಕೆ ಮುಂಚೆ ಒಂದು ಸಣ್ಣ ದೂರೂ ಇರಲಿಲ್ಲ. ಗೊಬ್ಬರದ ಅಂಗಡಿಯವರಂತೂ ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟವರು. ಅವರು ನನ್ನ ಆಫೀಸಿಗೆ ಬಂದಾಗ ಕುರ್ಚಿಯಲ್ಲಿ ಕೂರುತ್ತಿದ್ದರು, ಹೋಟೆಲ್ ಮಾಲೀಕ ಬೆಂಚಿನ ಮೇಲೆ, ಡ್ರೈವರ್ ಬಾಗಿಲ ಹತ್ತಿರ ನಿಂತೇ ಇರುತ್ತಿದ್ದ.

ನಾನು ರಾಜಿಗೆ ಪ್ರಯತ್ನಿಸಿದೆ. ವರಾಂಡದಲ್ಲಿ ವ್ಯಾಪಾರಿಯನ್ನು ಕೂರಿಸಿ ಕೇಳಿದೆ. ಅಭಿಯೋಜಕರೂ ಅಲ್ಲೇ ಇದ್ದರು. ವ್ಯಾಪಾರಿ ಹೇಳಿದ: "ಪರಿಹಾರ ಬ್ಯಾಡ್ರಿ ನನಗ. ಅದ ಸಂತ್ಯಾಗ ನಿಂತು, ಇವಾ ಕಳ್ಳ ಅಲ್ಲ, ನಾವು ತಪ್ಪಿ ಹೊಡದ್ವಿ ಅಂತ ಒಂದ ಮಾತ ಅನ್ಲಿ. ಸಾಕು. ನನ್ನ ಊರಾಗೂ ಸುದ್ದಿ ಹೋಗೇತ್ರಿ. ಸುಮ್ಮಸುಮ್ಮನ ಯಾರರ ಹೊಡೀತಾರೇನು ಅಂತ ಕೇಳ್ತಾರ."

ಅದು ಸಾಧ್ಯವಿಲ್ಲ ಎಂದು ನನ್ನ ಕಕ್ಷಿದಾರರಿಗೆ ನಾನೇ ಹೇಳಿದೆ. ಹೊಡೆದೆವು ಎಂದು ಸಂತೆಯಲ್ಲಿ ನಿಂತು ಹೇಳಿದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ರಾಜಿ ಮುರಿದುಬಿದ್ದರೆ ಅದೇ ಮಾತು ಕೊರಳಿಗೆ ಸುತ್ತಿಕೊಳ್ಳುತ್ತದೆ. ಯಾವ ವಕೀಲನೂ ಕೊಡುವ ಸಲಹೆ ಅದು. ಅಭಿಯೋಜಕರೂ ಅದನ್ನು ಒಪ್ಪಿದರು. "ನಿಮ್ಮ ಜಾಗದಲ್ಲಿ ಇದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಅವ್ನಿಗೆ ಬೇಕಾದ ಒಂದು ಮಾತು ಕೇಸು ಮುಗಿಯೋವರೆಗೂ ಸಿಗೋಕೆ ಸಾಧ್ಯವೇ ಇಲ್ಲ, ಅಲ್ದಾ?" ಎಂದರು.

ವಿಚಾರಣೆ ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. ಒಬ್ಬ ಅವತ್ತು ಸೀತೂರಿಗೆ ಹೋಗಿದ್ದ, ಇನ್ನೊಬ್ಬನಿಗೆ ಜ್ವರ. ಹೂವು ಮಾರುವ ಒಬ್ಬ ಹೆಂಗಸು ಮಾತ್ರ ತಾನು ಅಲ್ಲೇ ಇದ್ದೆ ಎಂದು ಒಪ್ಪಿಕೊಂಡಳು. ಇವರು ಬಹಳ ಸಮಾಧಾನದಿಂದ ಕೇಳಿದರು.

"ಹೊಡೆಯೋದು ನೋಡಿದ್ರಾ?"

"ಹೌದು."

"ಯಾರು ಹೊಡೆದಿದ್ದು?"

"ಅದು ಕಾಣ್ಲಿಲ್ಲ. ನನಗೆ ಬರೀ ಬೆನ್ನು ಕಂಡಿದ್ದು."

"ಯಾರ ಬೆನ್ನು?"

"ಎಲ್ಲರ್ದೂ," ಎಂದಳು ಅವಳು.

ನಾನು ವ್ಯಾಪಾರಿಯ ಪಾಟೀಸವಾಲು ಮಾಡಿದೆ. ಕಣ್ಣಿಗೆ ರಕ್ತ ಇಳಿದಿತ್ತೆಂದು ಒಪ್ಪಿಸಿದೆ. ಸ್ಟೇಷನ್ನಿನಲ್ಲಿ ಪೊಲೀಸರು ಮೂವರನ್ನು ನಿಲ್ಲಿಸಿ 'ಇವರೇ ತಾನೇ' ಎಂದು ತೋರಿಸಿದ್ದರೆಂದು ಅವನ ಬಾಯಿಯಿಂದಲೇ ಬಂತು. ಅಲ್ಲಿಗೆ ಗುರುತು ಹಿಡಿದದ್ದಕ್ಕೆ ಬೆಲೆ ಉಳಿಯಲಿಲ್ಲ. ಸಂಶಯದ ಲಾಭ ಕೊಟ್ಟು ಮೂವರನ್ನೂ ಖುಲಾಸೆ ಮಾಡಿದರು.

ತೀರ್ಪು ಓದಿದ ಮೇಲೆ ವ್ಯಾಪಾರಿ ಹೊರಗೆ ಹೋಗಲಿಲ್ಲ. ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತು ನ್ಯಾಯಾಧೀಶರನ್ನು ಕೇಳಿದ: "ಹಂಗಾರ ನನ್ನ ಹೊಡದವ್ರು ಯಾರ್ರಿ ಸಾಹೇಬ್ರ?"

ನ್ಯಾಯಾಧೀಶರು ಇನ್ನೂ ಚಿಕ್ಕ ವಯಸ್ಸಿನವರು. ಮೇಜಿನ ಮೇಲಿನ ಮುಂದಿನ ಕಡತವನ್ನು ಎಳೆದುಕೊಂಡರು, ಆದರೆ ಬಿಚ್ಚಲಿಲ್ಲ. ಅಭಿಯೋಜಕರು ಎದ್ದು ಬಂದು ವ್ಯಾಪಾರಿಯ ಪಕ್ಕ ನಿಂತು, "ಬನ್ನಿ" ಎಂದು ಕರೆದುಕೊಂಡು ಹೋದರು.

ಮೇಲ್ಮನವಿಗೆ ಯೋಗ್ಯವೇ ಎಂದು ಮೇಲಿನವರು ಅಭಿಪ್ರಾಯ ಕೇಳಿದರು. ಯೋಗ್ಯವಲ್ಲ, ಸಾಕ್ಷ್ಯ ಇಲ್ಲ ಎಂದು ಇವರು ಬರೆದು ಕಳಿಸಿದರು. ಅದು ನಿಜವೂ ಆಗಿತ್ತು. ಮೇಲ್ಮನವಿಯ ಅವಧಿ ಮುಗಿಯಿತು. ಅಷ್ಟು ಹೊತ್ತಿಗೆ ಮತ್ತೊಂದು ಮಳೆಗಾಲ ಹತ್ತಿರ ಬಂದಿತ್ತು. ಒಂದು ಶನಿವಾರ ಬಸ್ಸಿನಲ್ಲಿ ಅವರು ನನ್ನನ್ನು ಕೇಳಿದರು, "ಸೋಮವಾರ ನಾನು ರಜ. ಸಂತೆಗೆ ಬರ್ತೀರಾ?"

"ಎಂತಕ್ಕೆ?"

"ಕಂಬಳಿ ತಗೊಳ್ಳೋಕೆ."

ನಾನು ಹೋದಾಗ ಹತ್ತೂವರೆ ದಾಟಿತ್ತು. ಸಂತೆಯ ನಡುವೆ, ಗೊಬ್ಬರದ ಅಂಗಡಿಗೂ ಹೋಟೆಲ್ಲಿಗೂ ಎದುರಾಗಿ, ಅದೇ ಜಾಗದಲ್ಲಿ ಕಂಬಳಿಗಳು ಹರಡಿದ್ದವು. ವ್ಯಾಪಾರಿ ಒಂದು ಕಡೆ ಕೂತಿದ್ದ. ಅವನ ಪಕ್ಕದಲ್ಲಿ, ಗೋಣಿಚೀಲದ ಮೇಲೆ, ನೂಲಿನ ಸೀರೆಯುಟ್ಟ ಸರ್ಕಾರಿ ಅಭಿಯೋಜಕರು ಕಾಲು ಮಡಚಿ ಕೂತಿದ್ದರು. ಅವನು ಮತ್ತೆ ಆ ಊರಿಗೆ ಕಾಲಿಡಲು ಒಪ್ಪಿರಲಿಲ್ಲವಂತೆ. ಇವರು ಎರಡು ಸಲ ಫೋನು ಮಾಡಿ, ನಾನು ಇಡೀ ದಿನ ಪಕ್ಕದಲ್ಲಿ ಇರುತ್ತೇನೆ ಎಂದ ಮೇಲೆ ಬಂದಿದ್ದ. ಅವನ ಕೈ ಕಂಬಳಿಯ ಅಂಚನ್ನು ಮಡಚುತ್ತ ಬಿಚ್ಚುತ್ತ ಇತ್ತು. ಜನ ಅವರ ಸುತ್ತ ಒಂದು ದೊಡ್ಡ ಜಾಗ ಬಿಟ್ಟು ಓಡಾಡುತ್ತಿದ್ದರು.

ನಾನು ಒಂದು ಕಂಬಳಿ ಕೊಂಡು, ಮಾಡಲು ಬೇರೆ ಕೆಲಸವಿಲ್ಲದೆ ಅಲ್ಲೇ ಕೂತೆ. "ಮೇಡಂ, ಇದರಿಂದ ಎಂತ ಆಗ್ತದೆ?" ಎಂದೆ.

"ಗೊತ್ತಿಲ್ಲ. ಆದ್ರೆ ಒಂದ್ಸಲ ಖುಲಾಸೆ ಆದವ್ರನ್ನ ಅದೇ ಅಪರಾಧಕ್ಕೆ ಮತ್ತೆ ಹಿಡಿಯೋ ಹಾಗಿಲ್ಲ. ಅಪೀಲೂ ಇಲ್ಲ. ಇನ್ನು ಅವ್ರಿಗೆ ನಿಜ ಹೇಳೋಕೆ ಅಡ್ಡಿ ಇಲ್ವಲ್ಲ? ಹೇಳ್ತಾರೋ ಇಲ್ವೋ ನೋಡ್ವ."

ಮಧ್ಯಾಹ್ನದವರೆಗೆ ಯಾರೂ ಬರಲಿಲ್ಲ. ಗೊಬ್ಬರದ ಅಂಗಡಿಯ ಷಟರ್ ಅರ್ಧಕ್ಕೆ ಇಳಿಯಿತು. ಊಟದ ಹೊತ್ತು ಕಳೆದ ಮೇಲೆ ಜೀಪ್ ಡ್ರೈವರ್ ಬಂದ. ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಒಂದು ಕಂಬಳಿಯನ್ನು ಮುಟ್ಟಿ ಮುಟ್ಟಿ ನೋಡಿದ. ನನ್ನ ಕಡೆ ನೋಡಿದ.

"ಕಣ್ಣು ಕಾಣ್ತದಾ?" ಎಂದು ವ್ಯಾಪಾರಿಯನ್ನು ಕೇಳಿದ.

"ಒಂದು ಕಾಣ್ತದ."

"ಕಣ್ಣಿಗೆ ಬಿದ್ದಿದ್ದು ನನ್ನ ಏಟಲ್ಲ," ಎಂದ ಡ್ರೈವರ್. "ಆದ್ರೆ ಮೊದ್ಲು ಕೈ ಎತ್ತಿದ್ದು ನಾನೇ."

ಕಂಬಳಿಯ ಮೇಲಿದ್ದ ವ್ಯಾಪಾರಿಯ ಕೈ ನಿಂತಿತು. ಇವರು ಮೆಲ್ಲಗೆ, "ಅದಕ್ಕೆ ಮೊದ್ಲು ಎಂತ ಆಗಿತ್ತು ಮಾರಾಯ?" ಎಂದು ಕೇಳಿದರು.

ಡ್ರೈವರ್ ನೆಲ ನೋಡುತ್ತ ಹೇಳಿದ. ಆ ಬೆಳಿಗ್ಗೆ ಬಾಡಿಗೆಗೆ ಕರೆದ ಒಬ್ಬ ಸಾಹುಕಾರರು, ಜೀಪು ತಡವಾಗಿ ಬಂತೆಂದು ಬಸ್ ಸ್ಟ್ಯಾಂಡಿನಲ್ಲಿ ಅವನ ಕೆನ್ನೆಗೆ ಹೊಡೆದಿದ್ದರು. ಅವನ ಹೆಂಡತಿ ಜೀಪಿನ ಮುಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದಳು. "ಅವ್ಳು ಎಂತದೂ ಹೇಳ್ಲಿಲ್ಲ ಮೇಡಂ. ಬೈದಿದ್ರೆ ಆಗ್ತಿತ್ತು. ಬಾಡಿಗೆ ಮುಗಿಸ್ಕೊಂಡು ಇಲ್ಲಿಗೆ ಬಂದ್ರೆ ಕಳ್ಳ ಕಳ್ಳ ಅಂತ ಕೂಗ್ತಿದ್ರು. ಕೈ ತಾನಾಗೇ ಹೋಯ್ತು."

"ಅವನಿಗ್ಯಾಕ ಹೊಡೀಲಿಲ್ಲ ನೀ?" ಎಂದು ವ್ಯಾಪಾರಿ ಕೇಳಿದ.

"ಅವ್ರು ದೊಡ್ಡವ್ರು."

"ನಾ ಸಣ್ಣಾಂವ ಅಂತ ಹೆಂಗ ಗೊತ್ತಾತು ನಿನಗ?"

ಡ್ರೈವರ್ ಸುಳ್ಳು ಹೇಳಬಾರದೆಂದು ಯೋಚಿಸಿದ ಹಾಗೆ ಕಂಡಿತು. "ನಿನ್ನ ಜೊತೆ ಯಾರೂ ಇರ್ಲಿಲ್ಲ," ಎಂದ.

"ಎದ್ದ ನಿಂತ ಹೇಳು," ಎಂದ ವ್ಯಾಪಾರಿ. "ನನಗ ಹೇಳಬ್ಯಾಡ. ನನಗ ಗೊತ್ತೈತಿ. ಅವ್ರಿಗೆ ಹೇಳು."

ಡ್ರೈವರ್ ಎದ್ದ. ದೊಡ್ಡ ದನಿಯಲ್ಲಿ, "ಇವ ಮಕ್ಕಳ ಕಳ್ಳ ಅಲ್ಲ ಮಾರಾಯ್ರೆ. ಅವತ್ತು ನಾನೇ ಮೊದ್ಲು ಹೊಡೆದಿದ್ದು. ನಾವೆಲ್ಲ ಸುಮ್ನೆ ಹೊಡ್ದಿದ್ದು ಇವನಿಗೆ" ಎಂದ. ತರಕಾರಿಯವರು, ಮೀನಿನವರು, ಕೊಳ್ಳಲು ಬಂದವರು ಎಲ್ಲ ಒಂದು ಕ್ಷಣ ತಿರುಗಿ ನೋಡಿದರು. ಆಮೇಲೆ ಮತ್ತೆ ವ್ಯಾಪಾರ ಶುರುವಾಯಿತು, ಆದರೆ ಮೊದಲಿನಷ್ಟು ಗದ್ದಲವಿರಲಿಲ್ಲ. ಹೂವಿನ ಹೆಂಗಸು ತನ್ನ ಬುಟ್ಟಿಯನ್ನು ಎತ್ತಿಕೊಂಡು ಬಂದು ಕಂಬಳಿಗಳ ಪಕ್ಕ ಇಟ್ಟು ಅಲ್ಲೇ ಕೂತಳು.

ಸ್ವಲ್ಪ ಹೊತ್ತಿಗೆ ಹೋಟೆಲ್ ಮಾಲೀಕ ತಾನೇ ಚಹಾ ಹಿಡಿದುಕೊಂಡು ಬಂದ. ಲೋಟಗಳನ್ನು ಕೆಳಗಿಟ್ಟು, "ನಾನೂ ಹೊಡ್ದೆ. ಎಲ್ಲ ಹೊಡೀತಿದ್ರು. ನಾನೊಬ್ಬ ಸುಮ್ನೆ ನಿಂತ್ರೆ ಜನ ಎಂತ ತಿಳ್ಕೊಳ್ತಾರೆ ಅಂತ ಹೊಡ್ದೆ" ಎಂದ. ಇವರು ಕಾಯುತ್ತಿದ್ದ ಹಾಗೆ ಅವನ ಮುಖ ನೋಡಿದರು. "ಅಷ್ಟೇ ಮೇಡಂ. ಬೇರೆ ಎಂತದೂ ಕಾರಣ ಇಲ್ಲ," ಎಂದು ಅವನು ಹೊರಟುಹೋದ. ನಾವು ಚಹಾ ಕುಡಿದೆವು. ವ್ಯಾಪಾರಿ ತನ್ನ ಲೋಟ ಮುಟ್ಟಲಿಲ್ಲ.

ಗೊಬ್ಬರದ ಅಂಗಡಿಯ ಷಟರ್ ಸಂಜೆಯವರೆಗೂ ಅರ್ಧಕ್ಕೇ ಇತ್ತು. ಅದರ ಕೆಳಗೆ ಒಂದು ಜೊತೆ ಕಾಲು ಆಗಾಗ ಬಂದು ನಿಂತು ಹೋಗುತ್ತಿದ್ದುದು ಕಾಣುತ್ತಿತ್ತು. ಕಣ್ಣಿಗೆ ಬಿದ್ದ ಏಟು ಯಾರದೆಂದು ನನಗೆ ಗೊತ್ತಿತ್ತೇ ಎಂದು ಯಾರಾದರೂ ಕೇಳಬಹುದು. ಕಕ್ಷಿದಾರರು ನನಗೆ ಹೇಳಿದ್ದು ನನ್ನಲ್ಲೇ ಉಳಿಯಬೇಕು. ಇವರು ನನ್ನನ್ನು ಅದನ್ನು ಯಾವತ್ತೂ ಕೇಳಲಿಲ್ಲ.

ವ್ಯಾಪಾರಿಯನ್ನು ಶಿವಮೊಗ್ಗದ ಬಸ್ಸು ಹತ್ತಿಸಿ ನಾವು ನಮ್ಮ ಬಸ್ಸಿನಲ್ಲಿ ಕೂತೆವು. ಇವರು ಬಹಳ ದಣಿದಿದ್ದರು. ನಾನು, ಇಬ್ಬರಾದರೂ ಬಾಯಿ ಬಿಟ್ಟರಲ್ಲ ಎಂದೆ.

"ಡ್ರೈವರ್ ಹೇಳಿದ್ದು ನನಗೆ ಅರ್ಥ ಆಗ್ತದೆ," ಎಂದರು. "ಏಟು ತಿಂದವ, ತಿರುಗಿ ಕೊಡೋಕಾಗ್ಲಿಲ್ಲ, ಸಿಕ್ಕಿದವ್ನಿಗೆ ಕೊಟ್ಟ. ಅಂಥವ್ರನ್ನ ಬೇಕಾದಷ್ಟು ನೋಡಿದೀನಿ. ಆ ಹೋಟ್ಲಿನವ ಹೇಳಿದ್ದು ನೋಡಿ, ಅದು ಹೆದರಿಕೆ ನನಗೆ. ಅವ್ನಿಗೆ ಸಿಟ್ಟೂ ಇರ್ಲಿಲ್ಲ, ದ್ವೇಷನೂ ಇರ್ಲಿಲ್ಲ, ಕುಡಿದೂ ಇರ್ಲಿಲ್ಲ. ಪಕ್ಕದವ್ನು ಹೊಡೀತಿದ್ದ ಅಂತ ಹೊಡ್ದ. ಇಂಥವ್ರು ಇಷ್ಟು ವರ್ಷ ನನ್ನ ಕೋರ್ಟಿಗೆ ಬಂದೇ ಇರ್ಲಿಲ್ಲ."

ಮೇಗುಂದದ ತಿರುವು ಕಳೆಯಿತು. ಆಮೇಲೆ, "ನೀವು ಭಾಷಣದಲ್ಲಿ ಹೇಳಿದ್ರಲ್ಲ, ಅದ್ರಲ್ಲಿ ಇವ್ನು ಎಲ್ಲಿ ಬರ್ತಾನೆ?" ಎಂದು ಕೇಳಿದರು. ಹಂಗಿಸಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು.

ಸರ್ಕಾರಿ ಅಭಿಯೋಜಕರು ಸಂತೆಯಲ್ಲಿ ಕೂತು ವ್ಯಾಪಾರ ಮಾಡಿದರು, ಖುಲಾಸೆಯಾದವರ ಮೇಲೆ ಒತ್ತಡ ಹೇರಿದರು ಎಂದು ಒಂದು ದೂರು ಹೋಯಿತು. ಯಾರು ಬರೆದದ್ದೆಂದು ಊರಿಗೆಲ್ಲ ಗೊತ್ತಿತ್ತು. ಇವರಿಗೆ ನೋಟಿಸು ಬಂತು. ರಜೆ ಹಾಕಿ ಕಂಬಳಿ ಕೊಳ್ಳಲು ಹೋಗಿದ್ದೆ, ಅಲ್ಲಿ ಯಾರನ್ನೂ ಕರೆದಿಲ್ಲ, ಬಂದವರೊಂದಿಗೆ ಮಾತಾಡಿದ್ದೇನೆ ಎಂದು ಉತ್ತರ ಬರೆದರು. ಶಿಕ್ಷೆಯೇನೂ ಆಗಲಿಲ್ಲ, ದೂರದ ಜಿಲ್ಲೆಗೆ ವರ್ಗವಾಯಿತು. ಬಡ್ತಿ ಸಿಗದೆ ಅಲ್ಲೇ ನಿವೃತ್ತರಾದರು. ಹೊರಡುವ ದಿನ ನಾನು ಬೇಸರ ವ್ಯಕ್ತಪಡಿಸಿದಾಗ, "ನೀವೇ ಅಲ್ವಾ ಸೋಲ್ಸಿದ್ದು, ಈಗ ಎಂತ ಬೇಜಾರು" ಎಂದು ನಕ್ಕು ಬಸ್ಸು ಹತ್ತಿದರು. ಕಂಬಳಿ ವ್ಯಾಪಾರಿ ಇನ್ನೂ ಕೆಲವು ವರ್ಷ ಮಳೆಗಾಲದ ಮುಂಚೆ ಬರುತ್ತಿದ್ದ. ಈಗ ಅವನ ಮಗ ಬರುತ್ತಾನೆ.

ಅವರು ತೀರಿಕೊಂಡ ಮೇಲೆ ನಾವು ವಕೀಲರು ಇಲ್ಲಿ ಒಂದು ಸಂತಾಪ ಸಭೆ ಮಾಡಿದೆವು. ಊರಿನ ಗಣ್ಯರನ್ನೂ ಕರೆದಿದ್ದೆವು. ಗೊಬ್ಬರದ ಅಂಗಡಿಯವರು ಬಂದಿದ್ದರು. ಈಗ ಅವರಿಗೆ ವಯಸ್ಸಾಗಿದೆ, ಕೋಲು ಹಿಡಿದು ನಡೆಯುತ್ತಾರೆ. ಎದ್ದು ನಿಂತು ಚೆನ್ನಾಗಿಯೇ ಮಾತಾಡಿದರು. ನಿಷ್ಠುರ ಅಧಿಕಾರಿ, ನಿಷ್ಕಳಂಕ ವ್ಯಕ್ತಿತ್ವ, ಅಂಥವರು ಈಗ ಸಿಗುವುದಿಲ್ಲ ಎಂದರು. ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತೆವು.

ಹೊರಗೆ ಬಂದರೆ ಡ್ರೈವರ್ ಗೇಟಿನ ಹತ್ತಿರ ನಿಂತಿದ್ದ. ಒಳಗೆ ಬರಲು ಅವನಿಗೆ ಯಾರೂ ಹೇಳಿರಲಿಲ್ಲ.

"ಯಾರ್ಯಾರು ಮಾತಾಡಿದ್ರು ಸಾರ್?"

ನಾನು ಹೇಳಿದೆ. ಕೊನೆಗೆ ಗೊಬ್ಬರದ ಅಂಗಡಿಯವರೂ ಮಾತಾಡಿದರು ಎಂದೆ.

ಅವನ ಮುಖ ಅರಳಿತು. ಒಂದು ಹೆಜ್ಜೆ ಹತ್ತಿರ ಬಂದು, "ಹೌದಾ? ಅವತ್ತು ಹೊಡ್ದಿದ್ದು ಹೇಳಿದ್ರಾ ಹಾಗಾದ್ರೆ?" ಎಂದು ಕೇಳಿದ.